ಲಾಲ್‌ಬಾಗ್ ಬಂಡೆಯಿಂದ ಬಸವನಗುಡಿಯ ಗುಡ್ಡದವರೆಗೆ: ಅರ್ಧ ದಿನದ ಭೇಟಿಯ ವಿಮರ್ಶೆ

ಬೆಟ್ಟ ನೋಡಬೇಕೆಂದಾಗ ಬೆಂಗಳೂರಿನವರ ಬಾಯಲ್ಲಿ ಬರುವ ಹೆಸರುಗಳು ನಂದಿ, ಶಿವಗಂಗೆ, ರಾಮನಗರ. ಮೆಟ್ರೋ ಇಳಿದು ನಡೆದೇ ತಲುಪಬಹುದಾದ ಲಾಲ್‌ಬಾಗಿನ ಬಂಡೆಯನ್ನು ಆ ಸಾಲಿಗೆ ಸೇರಿಸುವವರು ಕಡಿಮೆ. ಎತ್ತರವನ್ನು ಲೆಕ್ಕಕ್ಕೆ ಹಿಡಿದರೆ ಅದು ಗುಡ್ಡವೆನ್ನಿಸಿಕೊಳ್ಳುವುದೂ ಕಷ್ಟ; ವಯಸ್ಸನ್ನು ಲೆಕ್ಕಕ್ಕೆ ಹಿಡಿದರೆ, ಸುಮಾರು 5 ಕೋಟಿ ವರ್ಷಗಳಿಂದೀಚೆಗೆ ಮೇಲೆದ್ದ ಹಿಮಾಲಯವೂ ಅದರ ಮುಂದೆ ನಿನ್ನೆ ಮೊನ್ನೆಯದು. ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ.

ಬಹುತೇಕರು ಈ ಬಂಡೆಯನ್ನು ಮೇಲಕ್ಕೆ ಹೋಗುವ ದಾರಿಯಾಗಿ ಮಾತ್ರ ಬಳಸುತ್ತಾರೆ. ಸರಸರನೆ ಹತ್ತಿ, ಗೋಪುರದ ಬಳಿ ಫೋಟೊ ತೆಗೆಸಿಕೊಂಡು, ಸುತ್ತಲಿನ ಕಟ್ಟಡಗಳನ್ನೊಮ್ಮೆ ನೋಡಿ ಇಳಿದುಬಿಡುತ್ತಾರೆ. ಆ ನೋಟ ಚೆನ್ನಾಗಿಯೇ ಇದೆ, ಆದರೆ ಅಂಥ ನೋಟ ನಗರದ ಯಾವ ಎತ್ತರದ ಕಟ್ಟಡದ ಮಹಡಿಯಿಂದಲೂ ಸಿಗುತ್ತದೆ. ಇಲ್ಲಿ ನಿಜವಾಗಿ ನೋಡಬೇಕಾದದ್ದು ಕಾಲಡಿಯಲ್ಲಿದೆ. ಹತ್ತುವಾಗ ಒಂದು ಕಡೆ ಕುಳಿತು, ಕಲ್ಲಿನ ಮೇಲೆ ಅಂಗೈಯಿಟ್ಟು ನೋಡಿ. ಬಿಳಿ ಹಾಗೂ ನಸುಗೆಂಪು ಪಟ್ಟೆಗಳ ನಡುವೆ ಕಪ್ಪು ಗೆರೆಗಳು ಹಾದುಹೋಗಿರುವುದು ಕಾಣುತ್ತದೆ. ತಿಳಿಬಣ್ಣದ್ದು ಬೆಣಚುಕಲ್ಲು ಮತ್ತು ಫೆಲ್ಡ್‌ಸ್ಪಾರ್. ಕಪ್ಪು ಗೆರೆಗಳಲ್ಲಿ ಇರುವುದು ನಾವು ಕಾಗೆಬಂಗಾರವೆನ್ನುವ ಅಭ್ರಕದ ಕಪ್ಪು ಬಗೆ. ಸಂಜೆಯ ಓರೆಬಿಸಿಲಿನಲ್ಲಿ ಆ ಗೆರೆಗಳುದ್ದಕ್ಕೂ ಸಣ್ಣ ಸಣ್ಣ ಹೊಳಪುಗಳು ಏಳುತ್ತವೆ. ಕೆಲವೆಡೆ ಈ ಪಟ್ಟೆಗಳು ನೇರವಾಗಿ ಸಾಗದೆ, ನಾದಿದ ಹಿಟ್ಟಿನಂತೆ ಬಳುಕಿ ಮಡಚಿಕೊಂಡಿವೆ. ಭೂಮಿಯ ಒಳಗೆ, ಬಹಳ ಆಳದಲ್ಲಿ, ಶಾಖ ಮತ್ತು ಒತ್ತಡಕ್ಕೆ ಸಿಕ್ಕ ಶಿಲೆ ಮೆದುವಾಗಿ, ಅದರ ಖನಿಜಗಳು ಬೇರೆ ಬೇರೆ ಪದರಗಳಾಗಿ ಜೋಡಿಕೊಂಡದ್ದರ ಗುರುತು ಅದು. ಇಂಥ ರೂಪಾಂತರ ಶಿಲೆಗೆ ನೈಸ್ ಎಂದು ಹೆಸರು. ದಕ್ಷಿಣ ಭಾರತದ ಬಹುಭಾಗದ ತಳಹದಿಯಾದ ಈ ಶಿಲಾಸಮೂಹವನ್ನು 'ಪೆನಿನ್ಸುಲಾರ್ ನೈಸ್' ಎಂದು ಮೊದಲು ಕರೆದವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತ್, 1916ರಲ್ಲಿ. ಜಗತ್ತಿನ ಭೂವಿಜ್ಞಾನಿಗಳು ಬಳಸುವ ಒಂದು ಹೆಸರಿನೊಂದಿಗೆ ನಮ್ಮ ವಾಯುವಿಹಾರದ ಬಂಡೆಗೆ ಇಂಥ ನಂಟಿರುವುದು ನನಗಂತೂ ಹೆಮ್ಮೆಯ ವಿಷಯ.

ಬಂಡೆಯ ನುಣುಪಾದ ಬೋಳು ಗುಮ್ಮಟದ ಆಕಾರಕ್ಕೂ ಕಾರಣವಿದೆ. ಮೇಲಿದ್ದ ಪದರಗಳು ಸವೆದು ಭಾರ ಇಳಿದಂತೆ ಒಳಗಿನ ಶಿಲೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಟ್ಟು, ಚಕ್ಕೆ ಚಕ್ಕೆಯಾಗಿ ಕಳಚಿಕೊಳ್ಳುತ್ತದೆ. ಬದಿಗಳಲ್ಲಿ ಹೀಗೆ ಎದ್ದು ನಿಂತ ಚಕ್ಕೆಗಳನ್ನು ಈಗಲೂ ಕಾಣಬಹುದು.

ತುದಿಯಲ್ಲಿರುವುದು ಕೆಂಪೇಗೌಡರ ವಂಶದವರು ಕಟ್ಟಿಸಿದರೆನ್ನುವ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಉಳಿದವು ಹಲಸೂರು ಕೆರೆ, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಇವೆ. ಊರು ಈ ನಾಲ್ಕರವರೆಗೆ ಬೆಳೆಯುತ್ತದೆಂದು ಅಂದೇ ಹೇಳಿದ್ದರೆಂಬ ಮಾತು ಜನರಲ್ಲಿ ಉಳಿದಿದೆ. ಗೋಪುರ ಚಿಕ್ಕದು, ಬೇಗ ನೋಡಿ ಮುಗಿಯುತ್ತದೆ.

ಇಷ್ಟಕ್ಕೇ ಮನೆಗೆ ಮರಳದೆ ಬಸವನಗುಡಿಯ ಗುಡ್ಡಕ್ಕೂ ಹೋಗಬೇಕೆಂಬುದು ನನ್ನ ಒತ್ತಾಯ. ಕಹಳೆ ಬಂಡೆ ಉದ್ಯಾನದಲ್ಲಿ ಎದ್ದು ನಿಂತಿರುವುದೂ ಇದೇ ನೈಸ್ ಶಿಲೆ. ಕಾವಲುಗಾರರು ಅದರ ಮೇಲೆ ನಿಂತು ಕಹಳೆ ಊದುತ್ತಿದ್ದರೆಂಬುದರಿಂದ ಆ ಹೆಸರು ಬಂದಿದೆ. ಪಕ್ಕದಲ್ಲೇ ದೊಡ್ಡ ಬಸವಣ್ಣನ ಗುಡಿ. ಒಂದೇ ಕಲ್ಲಿನಲ್ಲಿ ಕೆತ್ತಿದ, ಸುಮಾರು ನಾಲ್ಕೂವರೆ ಮೀಟರ್ ಎತ್ತರದ ಬಸವ, ಎಣ್ಣೆಯ ಲೇಪದಿಂದ ಕಪ್ಪಾಗಿ ಹೊಳೆಯುತ್ತಾನೆ. ಕಡಲೆಕಾಯಿ ಹೊಲಗಳನ್ನು ಮೇಯುತ್ತಿದ್ದ ಬಸವ ಇಲ್ಲಿ ಕಲ್ಲಾದನೆಂದೂ, ಕಲ್ಲಾದ ಮೇಲೂ ಬೆಳೆಯುತ್ತಲೇ ಇದ್ದುದರಿಂದ ತಲೆಯ ಮೇಲೆ ತ್ರಿಶೂಲ ನೆಟ್ಟು ನಿಲ್ಲಿಸಿದರೆಂದೂ ಕಥೆಯಿದೆ. ಕಾರ್ತಿಕದ ಕೊನೆಯ ಸೋಮವಾರದ ಕಡಲೆಕಾಯಿ ಪರಿಷೆ ಇದೇ ಕಥೆಯಿಂದ ಹುಟ್ಟಿದ್ದು. ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ, ಯುರೋಪಿಯನ್ನರ ಹಡಗುಗಳ ಕಾಲದ ನಂತರ ನಮ್ಮಲ್ಲಿಗೆ ಬಂದದ್ದು. ಹಾಗಾಗಿ ಕಥೆ ಈಗಿರುವ ರೂಪದಲ್ಲಿ ಅಷ್ಟೇನೂ ಹಳೆಯದಿರಲಾರದು. ಅದರಿಂದ ನನ್ನ ಮಟ್ಟಿಗೆ ಕಥೆಯ ಬೆಲೆ ತಗ್ಗುವುದಿಲ್ಲ. ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋದಂತೆಲ್ಲ ಬಂಡೆ ನೆಲದಿಂದ ಮೇಲಕ್ಕೆ ಬಂದಂತೆ ತೋರುವ ಈ ಗುಡ್ಡದಲ್ಲಿ, ಕಲ್ಲು ಬೆಳೆಯುತ್ತದೆಂದು ಒಕ್ಕಲಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ವೃಷಭಾವತಿ ನದಿ ಹುಟ್ಟುವುದು ಈ ಬಸವನ ಪಾದದಲ್ಲೇ ಎಂಬ ನಂಬಿಕೆಯೂ ಇದೆ. ಬಂಡೆ ನೀರನ್ನು ಹೀರುವುದಿಲ್ಲವಾದ್ದರಿಂದ ಮೇಲೆ ಬಿದ್ದ ಮಳೆ ಬುಡದಲ್ಲಿ ಸೇರುವುದು ಸಹಜವೇ.

ಕೊರತೆಗಳನ್ನೂ ಹೇಳಬೇಕು. ಲಾಲ್‌ಬಾಗ್ ಬಂಡೆಯ ಮೇಲೆ ನೆರಳೆಂಬುದಿಲ್ಲ. ಬೆಳಿಗ್ಗೆ ಒಂಬತ್ತರ ನಂತರ ಕಲ್ಲು ಕಾಯತೊಡಗುತ್ತದೆ. ಮಳೆ ಬಿದ್ದ ಮೇಲೆ ಪಾಚಿಯಿರುವ ಕಡೆ ಜಾರುತ್ತದೆ, ಮಂಡಿನೋವಿನವರು ಬುಡದಲ್ಲೇ ಪಟ್ಟೆಗಳನ್ನು ನೋಡುವುದು ಒಳ್ಳೆಯದು. ನನಗೆ ಎಲ್ಲಕ್ಕಿಂತ ನೋವಾಗುವುದು ಬಂಡೆಯ ಮೇಲೆ ಕೆರೆದ ಹೆಸರುಗಳನ್ನು ಕಂಡಾಗ. ಮುನ್ನೂರು ಕೋಟಿ ವರ್ಷ ಬಾಳಿದ ಕಲ್ಲಿನ ಮೇಲೆ ಕೀಲಿಕೈಯಿಂದ ಗೀಚುವ ಕೈಯನ್ನು ಜೊತೆಯಲ್ಲಿದ್ದ ಒಬ್ಬರಾದರೂ ತಡೆಯಬಹುದಿತ್ತು.

ಡಬಲ್ ರೋಡ್ ಕಡೆಯ ಗೇಟಿನಿಂದ ಒಳಗೆ ಬಂದರೆ ಬಂಡೆ ಹತ್ತಿರ. ಹಿಡಿತವಿರುವ ಚಪ್ಪಲಿ, ಕುಡಿಯುವ ನೀರು, ಸಾಧ್ಯವಾದರೆ ಒಂದು ಭೂತಗನ್ನಡಿ ಜೊತೆಗಿರಲಿ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಈ ಭೇಟಿಯನ್ನು ಪೂರ್ಣ ಮನಸ್ಸಿನಿಂದ ಶಿಫಾರಸು ಮಾಡುತ್ತೇನೆ. ಪರಿಷೆಯ ದಿನಗಳಲ್ಲಿ ಮಾತ್ರ ಬಸವನಗುಡಿಯ ಭಾಗವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ, ಆ ಜನಸಂದಣಿಯಲ್ಲಿ ಬಂಡೆಯನ್ನು ನಿಂತು ನೋಡಲು ಆಗುವುದಿಲ್ಲ.