ಹಾಸನದಲ್ಲಿ ಫೋಲ್ಡರ್ ಬಣ್ಣ ಬದಲಿಸಲು ಹೋಗಿ 7,500 ಕಳೆದುಕೊಂಡೆ, ಹುಷಾರಾಗಿರಿ

ಹಾಸನ, ಸಕಲೇಶಪುರ ಕಡೆಯವರು ದಯವಿಟ್ಟು ಪೂರ್ತಿ ಓದಿ. ಬರೆಯಲು ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ಇನ್ನೊಬ್ಬರ ದುಡ್ಡು ಹೀಗೆ ಹೋಗಬಾರದು.

ನಮ್ಮ ತೋಟದ ಲೆಕ್ಕವೆಲ್ಲ ಮನೆಯ ಡೆಸ್ಕ್‌ಟಾಪ್‌ನಲ್ಲಿದೆ. ಬಟವಾಡೆ, ಗೊಬ್ಬರದ ಬಿಲ್ಲು, ಮೆಣಸು, ಎಲ್ಲಕ್ಕೂ ಬೇರೆ ಬೇರೆ ಫೋಲ್ಡರ್. ಎಲ್ಲವೂ ಅದೇ ಹಳದಿ. ಒಂದನ್ನು ಹುಡುಕಿ ಇನ್ನೊಂದನ್ನು ತೆರೆಯುತ್ತಿದ್ದೆ. ಬಟವಾಡೆಗೆ ಕೆಂಪು, ಮೆಣಸಿಗೆ ಹಸಿರು, ಇಷ್ಟೇ ನನಗೆ ಬೇಕಿದ್ದದ್ದು. ಸಿಪಿಯು ಕಾರಿನಲ್ಲಿಟ್ಟುಕೊಂಡು ಹಾಸನದ ಒಂದು ಅಂಗಡಿಗೆ ಹೋದೆ. "ಸಾಫ್ಟ್‌ವೇರ್ ಹಾಕಬೇಕು ಸರ್, 1,500" ಅಂದರು. ಕೊಟ್ಟೆ.

ಮನೆಗೆ ಬಂದು ನೋಡಿದರೆ ಡಿ ಡ್ರೈವ್ ಖಾಲಿ! ಒಂದು ಫೋಲ್ಡರ್ ಕೂಡ ಇಲ್ಲ. ಆರು ವರ್ಷದ ಲೆಕ್ಕ. ಕೈಕಾಲು ಆಡಲಿಲ್ಲ. ಫೋನ್ ಮಾಡಿದರೆ, "ನಿಮ್ಮದರಲ್ಲಿ ಮೊದಲೇ ವೈರಸ್ ಇತ್ತು ಸರ್. ರಿಕವರಿ ಮಾಡಬೇಕು, 6,000 ಆಗುತ್ತೆ." ಮತ್ತೆ ಹೋದೆ, ಮತ್ತೆ ಕೊಟ್ಟೆ. ನಾಲ್ಕು ದಿನ ಇಟ್ಟುಕೊಂಡರು.

ಫೋಲ್ಡರ್‌ಗಳು ಬಂದವು, ಆದರೆ ಎಲ್ಲ ಮಂಕು. ನೀರಲ್ಲಿ ನೆನೆಸಿದ ಹಾಗೆ. ಯಾಕೆ ಹೀಗೆ ಅಂತ ಕೇಳಿದ್ದಕ್ಕೆ, "ರಿಕವರಿ ಮಾಡಿದ ಡೇಟಾ ಹಾಗೇ ಇರುತ್ತೆ ಸರ್, ಅದು ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ." ನಾನು ನಂಬಿದೆ. ನಂಬಿಬಿಟ್ಟೆ ನೋಡಿ!

ಸಂಕ್ರಾಂತಿಗೆ ಚಿಕ್ಕಮಗಳೂರಿನಿಂದ ಅಕ್ಕನ ಮಗಳು ಬಂದಿದ್ದಳು. ಸ್ಕ್ರೀನ್ ನೋಡಿದವಳೇ ಮೇಲಿನ ವ್ಯೂ ಒತ್ತಿ, ಶೋ ಒಳಗೆ ಹೋಗಿ, ಹಿಡನ್ ಐಟಮ್ಸ್ ಮುಂದಿನ ಟಿಕ್ ತೆಗೆದಳು. ಎಲ್ಲ ಫೋಲ್ಡರ್ ಮಾಯ. ಮತ್ತೆ ಟಿಕ್ ಹಾಕಿದಳು. ಎಲ್ಲ ವಾಪಸ್. "ಮಾಮ, ಇದು ಎಲ್ಲೂ ಹೋಗಿರಲೇ ಇಲ್ಲ. ಯಾರೋ ಮರೆಮಾಡಿದ್ದಾರೆ ಅಷ್ಟೇ." ಒಂದು ಟಿಕ್‌ಗೆ ಆರು ಸಾವಿರ! ಹೆಂಡತಿ ಪಕ್ಕದಲ್ಲೇ ನಿಂತಿದ್ದಳು, ತಲೆ ಎತ್ತಲಾಗಲಿಲ್ಲ. ಪ್ರಾಪರ್ಟೀಸ್‌ನಲ್ಲಿ ಹಿಡನ್ ಟಿಕ್ ತೆಗೆದ ಮೇಲೆ ಮಂಕೂ ಹೋಯಿತು.

ಐಕಾನ್ ಬದಲಿಸುವುದೂ ವಿಂಡೋಸ್‌ನಲ್ಲೇ ಇದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಸ್ಟಮೈಸ್, ಚೇಂಜ್ ಐಕಾನ್. ಬಣ್ಣದ್ದು ಬೇಕಿದ್ದರೆ ಡಾಟ್ ಐಸಿಒ (.ico) ಫೈಲ್, ಅಂದರೆ ಐಕಾನ್ ಚಿತ್ರದ ಫೈಲ್, ಸಾಕು. ಆ ಫೈಲನ್ನು ಆಮೇಲೆ ಅಳಿಸಬೇಡಿ, ಅಳಿಸಿದರೆ ಬಣ್ಣ ಹೋಗುತ್ತದೆ.

ಫೋಲ್ಡರ್ ಕಾಣದಿದ್ದರೆ ಯಾರಿಗೂ ದುಡ್ಡು ಕೊಡುವ ಮೊದಲು ಡ್ರೈವ್‌ನಲ್ಲಿ ಎಷ್ಟು ಜಾಗ ತುಂಬಿದೆ ಅಂತ ನೋಡಿ. ನನ್ನದರಲ್ಲಿ ಫೋಲ್ಡರ್ ಕಾಣದೇ ಇದ್ದಾಗಲೂ 180 ಜಿಬಿ ತುಂಬಿಯೇ ಇತ್ತು. ಕಣ್ಣೆದುರೇ ಇತ್ತು, ನಾನು ನೋಡಲಿಲ್ಲ. ಸುಮ್ನೆ ಹೆದರಿದೆ.

ಮರುದಿನ ಅಂಗಡಿಗೆ ಹೋಗಿ ಕೇಳಿದೆ. "ಅದು ಸರ್ವಿಸ್ ಚಾರ್ಜ್ ಸರ್. ಮೋಸ ಅಂತೀರಲ್ಲ, ಬಿಲ್ ತೋರಿಸಿ" ಅಂದರು. ಎರಡು ಸಲವೂ ಬಿಲ್ ಕೇಳಿದ್ದೆ. ಎರಡು ಸಲವೂ "ಬಿಲ್ ಬೇಕಂದ್ರೆ ಜಾಸ್ತಿ ಆಗುತ್ತೆ ಸರ್" ಅಂದವರು ಇವರೇ.