ಕುತ್ತಿಗೆ ನೋವಿಗೆ ಕೈ ಚಿಕಿತ್ಸೆನಾ, ಟೇಪಾ? ಎರಡು ವರ್ಷ ಎರಡನ್ನೂ ಬಳಸಿದ ಮೇಲೆ

ದಿನಾ ಎಂಟೊಂಬತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ತಲೆ ಬಗ್ಗಿಸ್ಕೊಂಡು ಕೂರೋ ಕೆಲಸ ನಂದು, ಎರಡು ವರ್ಷದಿಂದ ಕುತ್ತಿಗೆ ನೋವು ಬರೋದು ಹೋಗೋದು ನಡೀತಾನೇ ಇದೆ.

ಮೊದಲು ಹೋಗಿದ್ದು ಕೈ ಚಿಕಿತ್ಸೆಗೆ, ಅಂದ್ರೆ ಫಿಸಿಯೋ ಕೈಯಿಂದ್ಲೇ ಸ್ನಾಯು, ಕೀಲು ಸಡಿಲ ಮಾಡೋದು. ಆಗ ಬಲಕ್ಕೆ ತಿರುಗೋಕೇ ಆಗ್ತಿರಲಿಲ್ಲ, ಹಿಂದಿಂದ ಯಾರಾದ್ರೂ ಕರೆದ್ರೆ ಇಡೀ ಮೈ ತಿರುಗಿಸ್ಬೇಕಿತ್ತು. ಫಿಸಿಯೋ ಮಲಗಿಸಿ, ತಲೆಬುರುಡೆ ಕೆಳಗಿನ ಸಣ್ಣ ಸ್ನಾಯುಗಳನ್ನ ಬೆರಳಲ್ಲಿ ಒತ್ತಿ ಹಿಡಿದು, ಆಮೇಲೆ ಒಂದೊಂದೇ ಕೀಲನ್ನ ನಿಧಾನಕ್ಕೆ ಅಲುಗಾಡಿಸಿದ್ರು, ಎದ್ದು ಕೂತ್ರೆ ಗಲ್ಲ ಭುಜದ ಹತ್ರ ಬರ್ತಿದೆ! ಅವತ್ತು ನಿಜವಾಗ್ಲೂ ಕಣ್ಣಲ್ಲಿ ನೀರು ಬಂತು. ಆದ್ರೆ ಮೂರನೇ ದಿನಕ್ಕೆ ಮತ್ತೆ ಬಿಗಿ. ಲಟಕ್ ಅಂತ ಒಂದೇ ಸಲ ತಿರುಗಿಸೋದನ್ನ ನಾನು ಬೇಡ ಅಂದೆ, ಕುತ್ತಿಗೆ ರಕ್ತನಾಳಕ್ಕೆ ಪೆಟ್ಟಾಗೋದು ತುಂಬಾ ಅಪರೂಪ ಆದ್ರೂ ಆಗೋದುಂಟು.

ಟೇಪ್ ಆಮೇಲೆ. ಕೆಂಜೋ ಕಾಸೆ ಅನ್ನೋ ಜಪಾನಿನವರು 1970ರ ದಶಕದಲ್ಲಿ ಶುರು ಮಾಡಿದ, ಚರ್ಮದ ಮೇಲೆ ಅಂಟಿಸೋ ಎಲಾಸ್ಟಿಕ್ ಹತ್ತಿ ಟೇಪ್ (ಕಿನೀಸಿಯೋ ಟೇಪ್) ಇದು, ಔಷಧಿ ಏನೂ ಇರಲ್ಲ, ಸ್ನಾನ ಮಾಡಿದ್ರೂ ಮೂರರಿಂದ ಐದು ದಿನ ನಿಲ್ಲತ್ತೆ. ಮೊದಲನೇ ಸಲ ಹಾಕಿದವರು ತುದಿವರೆಗೂ ಎಳೆದು ಅಂಟಿಸಿದ್ರು, ಚರ್ಮ ಕೆಂಪಾಗಿ ಗುಳ್ಳೆ ಎದ್ದು ವಾರ ಪೂರ್ತಿ ತುರಿಕೆ. ಎರಡೂ ತುದಿ ಎಳೀದೆ ಸುಮ್ನೆ ಕೂರಿಸ್ಬೇಕು, ಮೂಲೆ ದುಂಡಗೆ ಕತ್ತರಿಸ್ಬೇಕು, ತೆಗೆಯೋವಾಗ ಎಣ್ಣೆ ಹಚ್ಚಿ ಚರ್ಮ ಒತ್ಕೊಂಡು ನಿಧಾನಕ್ಕೆ ಸುಲೀಬೇಕು. ಸರಿಯಾಗಿ ಹಾಕಿದಾಗ ನೋವು ಕಮ್ಮಿ ಅನ್ಸಿದ್ದು ಹೌದು, ತಲೆ ಮುಂದಕ್ಕೆ ಬಾಗಿದ್ರೆ ಟೇಪ್ ಎಳೆಯತ್ತೆ, ತಕ್ಷಣ ನೆಟ್ಟಗೆ ಕೂರ್ತೀನಿ. ಬಿಗಿ ಬಿಡೋಕೆ ಮಾತ್ರ ಅದ್ರಿಂದ ಆಗ್ಲಿಲ್ಲ.

2012ರಲ್ಲಿ 80 ಜನರ ಮೇಲೆ ಟೇಪನ್ನೂ ಆ ಲಟಕ್ ಅನ್ಸೋ ವಿಧಾನವನ್ನೂ ಹೋಲಿಸಿದ ಒಂದು ಅಧ್ಯಯನ ಬಂದಿತ್ತು, ಒಂದು ವಾರದ ಮೇಲೆ ನೋವು ಎರಡೂ ಗುಂಪಲ್ಲಿ ಹೆಚ್ಚುಕಮ್ಮಿ ಒಂದೇ ತರ ಇಳಿದಿತ್ತು, ತಲೆ ತಿರುಗಿಸೋದ್ರಲ್ಲಿ ಮಾತ್ರ ಟೇಪಿನವರು ಸ್ವಲ್ಪ ಹಿಂದೆ. ಓದಿದಾಗ ನನ್ನ ಕಥೆನೇ ಅನ್ನಿಸ್ತು.

ಈಗ ಗಲ್ಲ ಹಿಂದಕ್ಕೆಳೆಯೋ ವ್ಯಾಯಾಮ ದಿನಕ್ಕೆರಡು ಸಲ ಮಾಡ್ತೀನಿ, ಕೈ ಚಿಕಿತ್ಸೆಗೆ ಹೋಗಿ ಐದು ತಿಂಗಳಾಯ್ತು, ಟೇಪ್ ಕೆಲಸ ಜಾಸ್ತಿ ಇರೋ ವಾರ ಅಷ್ಟೇ. ಕೈ ಜೋಮು ಹಿಡಿದ್ರೆ, ಹಿಡಿತ ಸಡಿಲ ಆದ್ರೆ, ತಲೆ ಸುತ್ತು ಬಂದ್ರೆ ದಯವಿಟ್ಟು ಇವೆರಡನ್ನೂ ಬಿಟ್ಟು ಮೊದಲು ಡಾಕ್ಟರಿಗೆ ತೋರಿಸಿ.