ಒಂದೇ ಶವಯಾತ್ರೆ, ಮೂರು ನಡೆ

ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಹಣ ಒದಗಿಸಿ ರೆಕಾರ್ಡ್ ಮಾಡಿಸಿದ ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ವಾದನವನ್ನು ಹುಡುಕಲು ಹೊರಟವನು, ಮೆಟ್ನರ್ ಅವರ ಗೆಳೆಯ, ಪಿಯಾನೊ ವಾದಕ ರಖ್ಮಾನಿನಾಫ್ ಅವರ ಬಳಿ ನಿಂತುಬಿಟ್ಟೆ. ಅವರು 1930ರಲ್ಲಿ ನುಡಿಸಿದ, ಪೋಲೆಂಡಿನ ರಚನಕಾರ ಶೊಪಾನ್‌ನ ಎರಡನೆಯ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ) ನನ್ನನ್ನು ಹಿಡಿದಿಟ್ಟಿತು. ಅದರ ಮೂರನೆಯ ಭಾಗವೇ ಹೆಸರಾಂತ ಶವಯಾತ್ರೆ, ಶವದ ಮೆರವಣಿಗೆಯ ನಡಿಗೆಯ ಸಂಗೀತ. ಅದೊಂದನ್ನೇ ಪಿಯಾನೊ ವಾದಕರಾದ ಆಲ್ಫ್ರೆಡ್ ಕಾರ್ಟೊ 1933ರಲ್ಲಿ, ಪೊಲ್ಲಿನಿ 1984ರಲ್ಲಿ ನುಡಿಸಿದ್ದರ ಜೊತೆಗಿಟ್ಟು ಒಂದು ವಾರ, ರಾತ್ರಿ ಊಟವಾದ ಮೇಲೆ, ಮನೆಮಂದಿಯೆಲ್ಲ ಕೇಳಿದೆವು.

ಪೊಲ್ಲಿನಿ ಅವರದು ಬರೆದಂತೆ ನುಡಿಸುವ ನಿಷ್ಠೆ. ಎಡಗೈಯ ಎರಡು ಸ್ವರಗುಚ್ಛಗಳು ಗಂಟೆಯಂತೆ ಒಂದಾದ ಮೇಲೊಂದು ಬೀಳುತ್ತವೆ, ಎಲ್ಲಿಯೂ ಮಸುಕಿಲ್ಲ. ಪಿಯಾನೊ ಕಲಿಯುತ್ತಿರುವ ಮಗಳಿಗೆ ಇದೇ ಸರಿ. ನಾನೂ ಮೆಚ್ಚಿದೆ, ಆದರೆ ಎದೆಗೆ ಇಳಿಯಲಿಲ್ಲ.

ಕಾರ್ಟೊ ಅವರ ರೆಕಾರ್ಡಿನಲ್ಲಿ ಮೊದಲು ಕೇಳಿಸುವುದು ಹಳೆಯ ತಟ್ಟೆಯ ಕರಕರ. ಅವರು ತಪ್ಪು ಸ್ವರಗಳಿಗೂ ಹೆಸರಾದವರು. ಆದರೆ ಶೋಕದ ನಡುವೆ ಬರುವ ಆ ಮೆಲುವಾದ ಹಾಡಿನಲ್ಲಿ ಎಡಗೈ ಒಂದು ಕೂದಲೆಳೆಯಷ್ಟು ಮುಂಚೆ ಇಳಿಯುತ್ತದೆ, ಬಲಗೈಯ ಸ್ವರ ಹೇಳಲೋ ಬೇಡವೋ ಎಂಬಂತೆ ತಡೆದು ಬರುತ್ತದೆ. "ಅಪ್ಪಾ, ಎರಡು ಕೈ ಒಟ್ಟಿಗೆ ಬೀಳುತ್ತಿಲ್ಲ, ನಾನು ಹೀಗೆ ನುಡಿಸಿದರೆ ಮಿಸ್ ಒಪ್ಪುವುದಿಲ್ಲ" ಎಂದಳು ಮಗಳು. ದಿನವೂ ದೇವರನಾಮ ಹಾಡುವ ನನ್ನ ಅಮ್ಮ, "ಹಾಡುವವರಿಗೆ ಉಸಿರು ಬೇಡವೇನೇ?" ಎಂದರು. ನಾನು ಅಮ್ಮನ ಕಡೆ.

ರಖ್ಮಾನಿನಾಫ್ ಅವರ ಸ್ವಾತಂತ್ರ್ಯದ ಬಗೆಯೇ ಬೇರೆ. ನಡುವಿನ ಹಾಡು ಮುಗಿದು ಶವಯಾತ್ರೆ ಮರಳುವಾಗ ಮೆಲ್ಲಗೆ ಶುರುವಾಗಬೇಕೆಂದು ಶೊಪಾನ್ ಗುರುತು ಹಾಕಿದ್ದಾನೆ. ಇವರು ಅಲ್ಲಿ ಪೂರ್ತಿ ಬಲದಿಂದ ಅಪ್ಪಳಿಸಿ, ಅಲ್ಲಿಂದ ಹಂತಹಂತವಾಗಿ ಸದ್ದನ್ನು ಇಳಿಸುತ್ತ ಹೋಗುತ್ತಾರೆ. ಮೊದಲ ಸಲ ದೂರದಿಂದ ಹತ್ತಿರ ಬಂದ ಮೆರವಣಿಗೆ ಈಗ ನಮ್ಮ ಬಾಗಿಲಲ್ಲೇ ಇದೆ, ಮುಂದೆ ಬೀದಿಯ ತಿರುವಿನಲ್ಲಿ ಮರೆಯಾಗುತ್ತದೆ. ಅವರಿಗೂ ಮುಂಚೆ ರಷ್ಯದ ಪಿಯಾನೊ ವಾದಕ ಆಂಟನ್ ರುಬಿನ್‌ಸ್ಟೈನ್ ಹೀಗೆ ನುಡಿಸುತ್ತಿದ್ದರಂತೆ. ಮಗಳು ಸ್ವರಲಿಪಿಯ ಪುಸ್ತಕ ಬಿಡಿಸಿ, ಮೆಲ್ಲಗೆ ಎಂಬ ಆ ಗುರುತಿನ ಮೇಲೆ ಬೆರಳಿಟ್ಟು, "ಇದು ತಪ್ಪಲ್ಲವೇ?" ಎಂದು ಕೇಳಿದಳು. ಬರಹಕ್ಕೆ ಹೋಲಿಸಿದರೆ ತಪ್ಪೇ, ಅದನ್ನು ಮುಚ್ಚಿಡಲಾರೆ. ಆದರೆ ಕಾರ್ಟೊ ಅವರದು ಆ ಗಳಿಗೆಯ ತುಡಿತವಾದರೆ, ಇದು ಮೊದಲ ಹೆಜ್ಜೆಯಲ್ಲೇ ಕೊನೆಯ ಹೆಜ್ಜೆಯನ್ನು ಕಂಡಿದ್ದವರ ನಿರ್ಧಾರ. ಇಷ್ಟು ಯೋಚಿಸಿ ಮೀರಿದವರ ಮಾತನ್ನು ನಾನು ನಂಬುತ್ತೇನೆ.

ನಡುವಿನ ಹಾಡಿಗೆ ಮಾತ್ರ ಇಂದಿಗೂ ಕಾರ್ಟೊ ಅವರನ್ನೇ ಹಾಕುತ್ತೇನೆ. ಶನಿವಾರ ಮಗಳು ತಾನಾಗಿ ಕೇಳಿದ್ದು ರಖ್ಮಾನಿನಾಫ್ ಅವರನ್ನು, ಅದೂ ಮೆರವಣಿಗೆ ಮರಳುವ ಜಾಗದಿಂದ. ಪುಸ್ತಕ ಅವಳ ಮಡಿಲಲ್ಲಿ ಮುಚ್ಚಿಯೇ ಇತ್ತು.